ಕ್ಲಚ್ ಪ್ಲೇಟ್ ಹೋಗಿದೆ ಅಂದ ಕೂಡಲೇ ದುಡ್ಡು ಕೊಡಬೇಡಿ

ಬೈಕ್ ಇರುವವರೆಲ್ಲ ದಯವಿಟ್ಟು ಇದನ್ನು ಓದಿ. 2,850 ರೂಪಾಯಿ ಕಳೆದುಕೊಂಡು ಬರೆಯುತ್ತಿದ್ದೇನೆ. ದುಡ್ಡಿಗಿಂತ ಜಾಸ್ತಿ ಉರಿಯುತ್ತಿರುವುದು ಬೇರೆ. ಎದುರು ನಿಂತು ಸುಳ್ಳು ಹೇಳಿದರಲ್ಲ, ನಾನು ತಲೆಯಾಡಿಸಿದೆನಲ್ಲ, ಅದು.

ನಾನಿರುವುದು ತುಮಕೂರಿನಲ್ಲಿ. ಗಾಡಿ 110 ಸಿಸಿ, ಆರು ವರ್ಷ ಹಳೆಯದು. ಹೋದ ತಿಂಗಳು ಸರ್ವಿಸ್‌ಗೆ ಬಿಟ್ಟಿದ್ದೆ. "ಕ್ಲಚ್ ಲೂಸ್ ಇತ್ತು ಸಾರ್, ಟೈಟ್ ಮಾಡಿದೀನಿ" ಅಂದ ಗ್ಯಾರೇಜಿನವನು. ಆ ಮಾತು ನೆನಪಿಟ್ಟುಕೊಳ್ಳಿ.

ಆ ಭಾನುವಾರವೇ ಹೆಂಡತಿಯನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ಏರು ಶುರುವಾಗಿದ್ದೇ ತಡ, ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಕಿರುಚುತ್ತದೆ, ಗಾಡಿ ಎಳೆಯುವುದೇ ಇಲ್ಲ. ಅರ್ಧದಿಂದಲೇ ತಿರುಗಿಸಿಕೊಂಡು ಬಂದೆವು.

ಮಾರನೇ ದಿನ ಅದೇ ಗ್ಯಾರೇಜಿಗೆ ಹೋದೆ. ಅವನು ಲಿವರ್ ಒಂದು ಸಲ ಹಿಡಿದು ಬಿಟ್ಟ, ಅಷ್ಟೇ. "ಪ್ಲೇಟ್ ಸುಟ್ಟುಹೋಗಿದೆ ಸಾರ್. ಹಾಫ್ ಕ್ಲಚ್‌ನಲ್ಲೇ ಓಡಿಸ್ತೀರ ಅನ್ಸುತ್ತೆ." ಪ್ಲೇಟ್ ಅಂದರೆ ಇಂಜಿನ್ ಬಲವನ್ನು ಗೇರಿಗೆ ದಾಟಿಸುವ ಬಿಲ್ಲೆಗಳು; ಲಿವರ್ ಅರ್ಧ ಹಿಡಿದೇ ಓಡಿಸಿ ನಾನು ಅದನ್ನು ಸುಟ್ಟೆ ಅಂತ ಅವನ ಮಾತು. ತಪ್ಪೆಲ್ಲ ನನ್ನದೇ ಅನ್ನುವ ಹಾಗೆ! ನಾನೂ ಹೌದೇನೋ ಅಂದುಕೊಂಡೆ. ಪ್ಲೇಟ್ ಸೆಟ್, ಗ್ಯಾಸ್ಕೆಟ್, ಹೊಸ ಆಯಿಲ್, ಕೂಲಿ ಎಲ್ಲ ಸೇರಿ 2,850. ಸಂಜೆ ಗಾಡಿ ತಂದೆ. ಚೆನ್ನಾಗಿಯೇ ಎಳೆಯುತ್ತಿತ್ತು. ಬಿಲ್ ಅಂತ ಒಂದು ಚೀಟಿ ಕೊಟ್ಟಿದ್ದ, ಅದರಲ್ಲಿ ಅಂಗಡಿ ಹೆಸರೂ ಇಲ್ಲ.

ಎದುರು ಮನೆಯ ಅಂಕಲ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಪ್ಲೇಟ್ ಹಾಕಿಸಿದೆ ಅಂತ ಹೇಳಿದೆ. ಅವರು ಬಗ್ಗಿ ಬಲಗಡೆಯ ಇಂಜಿನ್ ಕವರ್ ನೋಡಿದರು. ಬೋಲ್ಟುಗಳ ಸುತ್ತ ಮಳೆಗಾಲದ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದರು, ಬಿಲ್ಲೆಯ ಹಾಗೆ ಎದ್ದು ಬಂತು. "ಇದನ್ನ ಬಿಚ್ಚೇ ಇಲ್ವಲ್ಲಪ್ಪ" ಅಂದರು.

ನನಗೆ ಮೈಯೆಲ್ಲ ಬಿಸಿಯಾಯಿತು. ಆ ಕವರ್ ತೆಗೆಯದೆ ಪ್ಲೇಟ್ ಕೈಗೇ ಸಿಗುವುದಿಲ್ಲ. ಕಿಕ್ಕರ್ ಬಿಚ್ಚಬೇಕು, ಆಯಿಲ್ ಇಳಿಸಬೇಕು, ಒಂದೊಂದು ಬೋಲ್ಟಿಗೂ ಸ್ಪ್ಯಾನರ್ ಬೀಳಬೇಕು. ಆಯಿಲ್ ಕಡ್ಡಿ ತೆಗೆದು ನೋಡಿದೆ. ಕಪ್ಪು ಮಸಿ. ಹೊಸ ಆಯಿಲ್‌ಗೆ ದುಡ್ಡು ಕೊಟ್ಟಿದ್ದೇನೆ, ಕಡ್ಡಿಯಲ್ಲಿ ಹಳೆಯದೇ!

ಅಂಕಲ್ ಎರಡು ಸ್ಪ್ಯಾನರ್ ತಂದರು. ಇಂಜಿನ್ ಹತ್ತಿರ ಕ್ಲಚ್ ಕೇಬಲ್ ಬಂದು ಸೇರುವ ಕಡೆ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರ್ ಬಿಗಿ ಮಾಡಿ, "ಈಗ ಒಂದು ರೌಂಡ್ ಹೋಗಿ ಬಾ" ಅಂದರು. ಹೋದೆ. ಅದೇ ಕಿರುಚಾಟ, ಅದೇ ಎಳೆಯದ ಗಾಡಿ! ವಾಪಸ್ ಬಂದ ಮೇಲೆ ಸಡಿಲ ಮಾಡಿದರು. ಸರಿಹೋಯಿತು. ಕೇಬಲ್ ಅಷ್ಟು ಬಿಗಿಯಾಗಿದ್ದರೆ ನಾವು ಲಿವರ್ ಮುಟ್ಟದಿದ್ದರೂ ಒಳಗೆ ಕ್ಲಚ್ ಸ್ವಲ್ಪ ಒತ್ತಿಕೊಂಡೇ ಇರುತ್ತದೆ, ಪ್ಲೇಟ್ ಜಾರುತ್ತದೆ. ಅಂದರೆ ಸರ್ವಿಸ್‌ನಲ್ಲಿ ಕೆಡಿಸಿದವನೂ ಅವನೇ, ನಟ್ ತಿರುಗಿಸಿ 2,850 ತಗೊಂಡವನೂ ಅವನೇ.

ಹೋಗಿ ಕೇಳಿದೆ. ಮೊದಲು "ಬಿಚ್ಚಿ ಹಾಕಿದ್ವಿ ಸಾರ್, ಹುಡುಗ ಮಾಡಿದ್ದು" ಅಂದ. ಮಣ್ಣು ಹಾಗೇ ಇದೆಯಲ್ಲ ಅಂದರೆ, "ರೋಡಲ್ಲಿ ಮತ್ತೆ ಕೂತಿರುತ್ತೆ." ಒಂದೇ ರಾತ್ರಿಗಾ? ಮನೆ ಮುಂದೆ ನಿಂತಿದ್ದ ಗಾಡಿಗಾ? ಆಯಿಲ್ ಯಾಕೆ ಕಪ್ಪು ಅಂದರೆ, "ನಿಮ್ ಆಯಿಲ್ ಚೆನ್ನಾಗಿತ್ತು, ಅದನ್ನೇ ಹಾಕಿದ್ವಿ." ಹಾಗಾದರೆ ಹೊಸದರ ದುಡ್ಡು? ಉತ್ತರ ಇಲ್ಲ. ಹಳೇ ಪ್ಲೇಟ್ ತೋರಿಸು ಅಂದೆ. "ಗುಜರಿಯವನು ತಗೊಂಡು ಹೋದ." ಕೊನೆಗೆ, "ಗಾಡಿ ಚೆನ್ನಾಗಿ ಓಡ್ತಿದೆ ತಾನೇ, ಇನ್ನೇನು ನಿಮಗೆ?" ಅಂದ. ಅಲ್ಲಿದ್ದ ಗಿರಾಕಿಗಳೆಲ್ಲ ನಾನೇ ಜಗಳಗಂಟ ಅನ್ನುವ ಹಾಗೆ ನೋಡಿದರು. ಬರಿಗೈಯಲ್ಲಿ ಬಂದೆ.

ನೀವು ಇಷ್ಟು ಮಾಡಿ. ಗ್ಯಾರೇಜಿಗೆ ಹೋಗುವ ಮೊದಲು ಕ್ಲಚ್ ಲಿವರ್ ತುದಿಯನ್ನು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ. ಸಾಮಾನ್ಯವಾಗಿ 100–125 ಸಿಸಿ ಗಾಡಿಗಳಲ್ಲಿ ಸುಮಾರು 10ರಿಂದ 20 ಮಿ.ಮೀ. ಸುಮ್ನೆ ಆಡಬೇಕು, ಆಮೇಲೆ ಬಿಗಿ ಸಿಗಬೇಕು. ನಿಮ್ಮ ಗಾಡಿಯ ಲೆಕ್ಕ ಮ್ಯಾನುಯಲ್‌ನಲ್ಲಿ ಇರುತ್ತದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಆ ಆಟ ಉಳಿಯಬೇಕು. ತೀರಾ ಜಾಸ್ತಿ ಇದ್ದರೂ ತೊಂದರೆಯೇ, ಗೇರ್ ಸರಿಯಾಗಿ ಬೀಳುವುದಿಲ್ಲ, ನ್ಯೂಟ್ರಲ್ ಸಿಗುವುದಿಲ್ಲ. ಆಟ ಸರಿಯಿದ್ದೂ ಗಾಡಿ ಎಳೆಯದಿದ್ದರೆ ಮಾತ್ರ ಪ್ಲೇಟ್ ಮಾತು. ಆಗಲೂ ಪಕ್ಕದಲ್ಲೇ ನಿಂತು ಬಿಚ್ಚಿಸಿ. ಹಳೇ ಪ್ಲೇಟ್ ನಿಮ್ಮ ಕೈಗೆ ಬರುವ ತನಕ ಪರ್ಸ್ ತೆಗೆಯಬೇಡಿ. ಹೊತ್ತಾಗುತ್ತೆ, ಮನೆಗೆ ಹೋಗಿ ಸಾರ್, ಫೋನ್ ಮಾಡ್ತೀವಿ ಅಂತಾರೆ. ನನಗೂ ಹಾಗೇ ಅಂದಿದ್ದರು. ಹೋಗಬೇಡಿ.