ಮನೆಶಾಲೆಯ ಹೊಸ ವರ್ಷಕ್ಕೆ ರಥಬೀದಿ ಸಮೀಪದ ಪುಸ್ತಕದಂಗಡಿ

ಮಕ್ಕಳಿಬ್ಬರಿಗೂ ಮನೆಯಲ್ಲೇ ಪಾಠ ಹೇಳಿಕೊಡುವ ನಾವು, ಜೂನ್ ಮಳೆ ಹಿಡಿಯುವ ಮೊದಲೇ ವರ್ಷದ ಸಾಮಗ್ರಿ ಕೊಳ್ಳಲು ಉಡುಪಿಯ ರಥಬೀದಿ ಸಮೀಪದ ಹಳೆಯ ಪುಸ್ತಕದಂಗಡಿಯೊಂದಕ್ಕೆ ನಾಲ್ವರೂ ಹೋಗಿದ್ದೆವು. ಯಾವ ಶಾಲೆಯೆಂದು ಕೇಳಿದ ಅಂಗಡಿಯವರು, ಶಾಲೆಯೇ ಇಲ್ಲವೆಂದಾಗ ತುಸು ತಬ್ಬಿಬ್ಬಾದರೂ, ತರಗತಿವಾರು ಕಟ್ಟಿಟ್ಟಿದ್ದ ಸೆಟ್ಟನ್ನು ಬಿಚ್ಚಿ ನಮಗೆ ಬೇಕಾದ ಪುಸ್ತಕಗಳನ್ನಷ್ಟೇ ತೆಗೆದುಕೊಟ್ಟರು. ಈ ಸೌಜನ್ಯ ಬೇರೆಡೆ ನಮಗೆ ಸಿಕ್ಕಿರಲಿಲ್ಲ. ಎನ್‌ಸಿಇಆರ್‌ಟಿ ಪಠ್ಯಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವಾದರೂ, ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸುವ ಖರ್ಚನ್ನು ಲೆಕ್ಕ ಹಾಕಿದಾಗ ಅಚ್ಚಾದ ಪ್ರತಿಯೇ ನಮಗೆ ಅಗ್ಗವಾಯಿತು. ಮಗಳಿಗೆ 14 ತುಂಬಿದ್ದು, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಸೆಕೆಂಡರಿ ಹಂತಕ್ಕೆ ಸೇರಲು ಅದೇ ಕನಿಷ್ಠ ವಯಸ್ಸಾದ್ದರಿಂದ ಆ ಪುಸ್ತಕಗಳನ್ನೂ ವಿಚಾರಿಸಿದೆವು, ಅಲ್ಲಿರಲಿಲ್ಲ. ನೋಟುಪುಸ್ತಕದ ಹಾಳೆ ಮಾತ್ರ ತೀರಾ ತೆಳು: ಆಟಿ ತಿಂಗಳ ಮಳೆಯ ತೇವಕ್ಕೆ ಮೆತ್ತಗಾಗಿ, ಶಾಯಿ ಹಿಂಬದಿಗೂ ಮೂಡುತ್ತಿದೆ.