ಯಮಹಾ ಎಚ್‌ಎಸ್5: ಹತ್ತಕ್ಕೆ ಹನ್ನೆರಡರ ಕೋಣೆಯಲ್ಲಿ ಮೂರು ವರ್ಷ ಬಳಸಿದ ಮೇಲೆ

ಭಾವಗೀತೆ, ವಚನ, ದೇವರನಾಮಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ, ಮನೆಯಲ್ಲೇ ಮಿಕ್ಸ್ ಮಾಡುವವರು (ಧ್ವನಿ, ವಾದ್ಯಗಳನ್ನು ಹದವಾಗಿ ಬೆರೆಸುವವರು) ನೀವಾದರೆ, ಕೋಣೆಯೂ ಚಿಕ್ಕದಾಗಿದ್ದರೆ, ಯಮಹಾ ಎಚ್‌ಎಸ್5 ಸ್ಟುಡಿಯೋ ಸ್ಪೀಕರ್ ತಗೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಇರುವ ದುಡ್ಡನ್ನೆಲ್ಲ ಸ್ಪೀಕರಿಗೇ ಸುರಿಯಬೇಡಿ. ಮೂರರಲ್ಲಿ ಒಂದು ಪಾಲನ್ನಾದರೂ ಕೋಣೆಯ ಸದ್ದು ಹದ ಮಾಡುವುದಕ್ಕೆ ಎತ್ತಿಡಿ. ಮೂರು ವರ್ಷ ದಾಟಿದ ಮೇಲೆ ಈ ಮಾತನ್ನು ಮೊದಲಿಗಿಂತ ಜಾಸ್ತಿ ನಂಬುತ್ತೇನೆ.

ನನ್ನದು ಮೈಸೂರಿನಲ್ಲಿ ಬಾಡಿಗೆ ಮನೆ. ಕೆಲಸ ಮಾಡುವ ಕೋಣೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ, ತಾರಸಿ ಹತ್ತಡಿ ಎತ್ತರ. ಗೋಡೆಗೆ ಸಿಮೆಂಟ್ ಗಾರೆ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಒಂದು ಲ್ಯಾಪ್‌ಟಾಪ್, ಒಂದು ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಇಂಟರ್‌ಫೇಸ್ (ಮೈಕ್, ಸ್ಪೀಕರುಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್. ಬರುವ ಕೆಲಸ ಹೆಚ್ಚಾಗಿ ಗಾಯಕರು, ಹಾರ್ಮೋನಿಯಂ, ತಬಲಾ, ಕೊಳಲು. ಆಗೀಗ ಯಾರಾದರೂ ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಕೇಳುತ್ತಾರೆ. ಇಷ್ಟನ್ನು ಮೊದಲೇ ಹೇಳಿದ್ದು ಯಾಕೆಂದರೆ, ಡಿಜೆ ಟ್ರ್ಯಾಕ್ ಮಾಡುವವರಿಗೆ ನನ್ನ ಅಭಿಪ್ರಾಯ ಹೊಂದುವುದಿಲ್ಲ.

ನಮ್ಮ ಸುಗಮ ಸಂಗೀತದಲ್ಲಿ ಮೊದಲ ಮರ್ಯಾದೆ ಸಾಹಿತ್ಯಕ್ಕೆ. ಮಿಕ್ಸ್ ಕಳಿಸಿದ ಕೂಡಲೇ ಗಾಯಕರಿಂದ ಬರುವ ಮೊದಲ ಫೋನ್ "ಸರ್, ಪದ ಸರಿಯಾಗಿ ಕೇಳ್ತಿಲ್ಲ" ಅಂತಲೇ. ಎಚ್‌ಎಸ್5 ಗೆಲ್ಲುವುದು ಇಲ್ಲಿ. ಇದರ ಮಧ್ಯದ ಸ್ವರವ್ಯಾಪ್ತಿ ಮುಂದಕ್ಕೆ ಬಂದು ನಿಲ್ಲುತ್ತದೆ. ಏನನ್ನೂ ಸಿಹಿ ಮಾಡಿ ಬಡಿಸುವುದಿಲ್ಲ. ಒತ್ತಕ್ಷರ ನುಂಗಿ ಹೋಗಿದ್ದರೆ ಆ ಜಾಗ ಥಟ್ಟನೆ ಗೊತ್ತಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಗಂಡು ಧ್ವನಿ, ಕೆಳಗಿನ ಶ್ರುತಿ, ಜೊತೆಗೆ ಹಾರ್ಮೋನಿಯಂ. ಪಲ್ಲವಿ ಸರಿಯಾಗೇ ಇತ್ತು. ಚರಣಕ್ಕೆ ಬಂದಾಗ ಮಾತು ಮಸುಕಾಗುತ್ತಿತ್ತು. ಸಾಮಾನ್ಯವಾಗಿ ಕೈ ಹೋಗುವುದು ಧ್ವನಿಯ ಫೇಡರ್ (ಸದ್ದು ಏರಿಳಿಸುವ ಗುಂಡಿ) ಏರಿಸುವುದಕ್ಕೆ, ಅಲ್ವಾ? ಆದರೆ ಈ ಸ್ಪೀಕರಿನಲ್ಲಿ ಧ್ವನಿ ಕಡಿಮೆ ಇಲ್ಲ, ಹಾರ್ಮೋನಿಯಂ ಅದರ ಮೇಲೆ ಕೂತಿದೆ ಎಂಬುದು ಸ್ಪಷ್ಟವಾಗಿ ಕೇಳುತ್ತಿತ್ತು. ಹಾರ್ಮೋನಿಯಂನಲ್ಲಿ 350 ಹರ್ಟ್ಸ್ (ಸ್ವರದ ಎತ್ತರದ ಅಳತೆ) ಆಸುಪಾಸು 3 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಸಿದೆ. ಫೇಡರ್ ಮುಟ್ಟದೆಯೇ ಪದಗಳು ಎದ್ದು ಬಂದವು. ಹಾಗೆಯೇ ಸಕಾರ, ಶಕಾರ, ಚಕಾರಗಳು ಕಿವಿಗೆ ಚುಚ್ಚುವುದು ಇದರಲ್ಲಿ ಬೇಗ ಗೊತ್ತಾಗುತ್ತದೆ. ಆ ಚುಚ್ಚುವಿಕೆ ತಗ್ಗಿಸುವ ಡಿ-ಎಸ್ಸರ್ ಎಷ್ಟು ಹಾಕಬೇಕು, ಎಲ್ಲಿ ಜಾಸ್ತಿಯಾಗಿ ನಾಲಿಗೆ ತೊದಲಿದಂತೆ ಆಗುತ್ತದೆ, ಎರಡೂ ತಿಳಿಯುತ್ತದೆ. ಇಲ್ಲಿ ಸರಿ ಅನ್ನಿಸಿದ ಹಾಡು ಮೊಬೈಲಿನಲ್ಲೂ ಸರಿಯಾಗಿಯೇ ಕೇಳುತ್ತದೆ. ನಮ್ಮ ಕೇಳುಗರಲ್ಲಿ ಬಹಳ ಮಂದಿ ಕೇಳುವುದು ಮೊಬೈಲಿನಲ್ಲೇ ಆದ್ದರಿಂದ ನನಗೆ ಇದು ದೊಡ್ಡ ಸಂಗತಿ.

ಬಿಳಿ ಕೋನ್ (ಕಂಪಿಸುವ ಪರದೆ) ನೋಡಿ ಯಮಹಾದ್ದೇ ಹಳೆಯ ಎನ್‌ಎಸ್-10 ನೆನೆಯುವವರು ಇದ್ದಾರೆ. 1978ರಲ್ಲಿ ಮನೆಬಳಕೆಗೆಂದು ಬಂದು, ಆಮೇಲೆ ಜಗತ್ತಿನ ಸ್ಟುಡಿಯೋಗಳನ್ನೆಲ್ಲ ಹೊಕ್ಕ ಸ್ಪೀಕರ್ ಅದು. 2001ರಲ್ಲಿ ತಯಾರಿಕೆ ನಿಂತಿತು. ಅದು ಮುಚ್ಚಿದ ಪೆಟ್ಟಿಗೆ, ಹೊರಗಿನ ಆಂಪ್ಲಿಫೈಯರ್ ಬೇಕಿತ್ತು. ಎಚ್‌ಎಸ್5ರ ಒಳಗೇ ಆಂಪ್ ಇದೆ: ಕೆಳಸ್ವರ ನುಡಿಸುವ ಐದಿಂಚಿನ ವೂಫರಿಗೆ 45 ವ್ಯಾಟ್, ಮೇಲಿನ ಸ್ವರ ನುಡಿಸುವ ಒಂದಿಂಚಿನ ಟ್ವೀಟರಿಗೆ 25 ವ್ಯಾಟ್. ಹಿಂದೆ ಗಾಳಿ ಹೋಗುವ ಪೋರ್ಟ್ ಇದೆ. ಬಣ್ಣ ಒಂದೇ, ಒಳಗಿನ ವ್ಯವಸ್ಥೆ ಬೇರೆ.

ಇನ್ನು ಬೇಸ್, ಅಂದರೆ ಕೆಳಗಿನ ಸ್ವರಗಳು. ಯಮಹಾ ಕೊಟ್ಟಿರುವ ಅಂಕಿಯನ್ನು ಸರಿಯಾಗಿ ಓದಬೇಕು. 54 ಹರ್ಟ್ಸ್‌ನಿಂದ 30 ಕಿಲೋಹರ್ಟ್ಸ್ ಎಂದು ಬರೆದಿರುತ್ತದೆ, ಆದರೆ ಅದು 10 ಡಿಬಿ ಇಳಿದ ಜಾಗದ ಲೆಕ್ಕ. 3 ಡಿಬಿ ಲೆಕ್ಕ ಹಿಡಿದರೆ ಶುರುವಾಗುವುದು 74 ಹರ್ಟ್ಸ್‌ನಿಂದ. ಬೇಸ್ ಗಿಟಾರಿನ ಕೆಳಗಿನ ತಂತಿಯ ಮೂಲ ಸ್ವರ 41 ಹರ್ಟ್ಸ್. ಅದು ಇದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದರ ಮೇಲಿನ 82 ಹರ್ಟ್ಸ್‌ನ ಹಾರ್ಮೋನಿಕ್ (ಉಪಸ್ವರ) ಕೇಳುತ್ತದೆ, ಅದನ್ನು ಹಿಡಿದು ಕಿವಿ ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ತಬಲಾದ ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆದಾಗ ಬರುವ 'ಘೇ' ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಕಿಕ್ ಡ್ರಮ್ಮಿನ ಅಡಿಭಾಗ, ಸಿಂಥ್‌ನ ಸಬ್ ಬೇಸ್ ಇವಕ್ಕೆ ನಾನು ಹೆಡ್‌ಫೋನ್ ಹಾಕಿಕೊಂಡೇ ತೀರ್ಮಾನ ಮಾಡುತ್ತೇನೆ. ಈ ಮಿತಿ ನಿಮ್ಮ ಕೆಲಸಕ್ಕೆ ಅಡ್ಡಿಯಾದರೆ ಇದು ನಿಮಗಲ್ಲ.

"ಹಾಗಾದರೆ ಎಂಟಿಂಚಿನ ಎಚ್‌ಎಸ್8 ತಗೊಂಡರಾಯ್ತಲ್ಲ" ಅನ್ನಬಹುದು. ನಮ್ಮ ಮನೆಗಳ ಕೋಣೆಗೆ ನಾನದನ್ನು ಹೇಳುವುದಿಲ್ಲ. ಕಾರಣ ಸ್ಪೀಕರಿನಲ್ಲಿಲ್ಲ, ಗೋಡೆಯಲ್ಲಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಮೀಟರಿನಲ್ಲಿ ಅಳೆದ ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆ ತಾನೇ ಮಿಡಿಯುವ ಮೊದಲ ಕಂಪನ ಸಿಗುತ್ತದೆ. ಹನ್ನೆರಡಡಿಗೆ ಸುಮಾರು 47 ಹರ್ಟ್ಸ್, ಹತ್ತಡಿಗೆ 56. ನನ್ನ ಕೋಣೆಯಲ್ಲಿ ಅಗಲವೂ ಹತ್ತು, ಎತ್ತರವೂ ಹತ್ತು. ಎರಡೂ ಒಂದೇ ಜಾಗದಲ್ಲಿ ಸೇರಿಕೊಂಡು ತೊಂದರೆ ಇಮ್ಮಡಿ ಮಾಡುತ್ತವೆ. ಬೇಕಿದ್ದರೆ ನೀವೇ ನೋಡಿ: ಹತ್ತಡಿ ಅಗಲದ ಕೋಣೆಯಲ್ಲಿ 56 ಹರ್ಟ್ಸ್‌ನ ಸೈನ್ ಟೋನ್ (ಒಂದೇ ಕಂಪನದ ಶುದ್ಧ ಸ್ವರ) ಹಚ್ಚಿ, ಅಗಲಕ್ಕೆ ಗೋಡೆಯಿಂದ ಗೋಡೆಗೆ ಮೆಲ್ಲಗೆ ನಡೆಯಿರಿ. ಗೋಡೆಯ ಹತ್ತಿರ ಗುಮ್ಮೆನ್ನುತ್ತದೆ, ನಡುಮಧ್ಯೆ ಕರಗಿಹೋಗುತ್ತದೆ. ನಾವು ಕೂರುವುದು ಆ ನಡುವಿನ ಗೆರೆಯ ಮೇಲೇ. ಬೇಸ್ ಸಾಲದು ಎಂದು ಏರಿಸುತ್ತಾ ಹೋದರೆ, ಹಾಡು ಬೇರೆಯವರ ಮನೆಯಲ್ಲಿ ಗುಮ್ಮೆನ್ನದೆ ಇನ್ನೇನು? ದೊಡ್ಡ ಸ್ಪೀಕರ್ ತಂದರೆ ಈ ಕಂಪನಗಳಿಗೆ ಇನ್ನಷ್ಟು ಬಲ ಕೊಟ್ಟಂತೆ.

ಹಾಗಾಗಿ ಕೂರಿಸುವ ಜಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೇಜನ್ನು ಚಿಕ್ಕ ಗೋಡೆಗೆ ಹಾಕಿದ್ದೇನೆ, ಸ್ಪೀಕರುಗಳು ಕೋಣೆಯ ಉದ್ದಕ್ಕೆ ನೋಡುತ್ತವೆ. ಎಡ ಬಲದ ಗೋಡೆಗಳಿಂದ ಎರಡೂ ಒಂದೇ ದೂರ. ನನ್ನ ತಲೆ ಎದುರಿನ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ದೂರದಲ್ಲಿದೆ. ಎರಡು ಸ್ಪೀಕರುಗಳ ನಡುವೆ ಹೆಚ್ಚುಕಡಿಮೆ ಮೂರುಮುಕ್ಕಾಲು ಅಡಿ, ಅಲ್ಲಿಂದ ನನಗೂ ಅಷ್ಟೇ. ಟ್ವೀಟರ್ ಕಿವಿಯ ಮಟ್ಟಕ್ಕೆ.

ಹಿಂದಿನ ಗೋಡೆಯಿಂದ ಎಷ್ಟು ದೂರ? ಪೋರ್ಟ್ ಹಿಂದಿದೆ, ಆದ್ದರಿಂದ ಆದಷ್ಟು ಮುಂದೆ ಎಳೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಚಿಕ್ಕ ಕೋಣೆಯಲ್ಲಿ ಅದು ಪೂರ್ತಿ ಸರಿಯಲ್ಲ. ಸ್ಪೀಕರಿನ ಮುಖ ಗೋಡೆಯಿಂದ ಎರಡಡಿ ದೂರವಿದ್ದರೆ, ಹಿಂದಕ್ಕೆ ಹೋಗಿ ಬಡಿದು ಬಂದ ಶಬ್ದ 140 ಹರ್ಟ್ಸ್ ಸುತ್ತ ಮುಂದಿನ ಶಬ್ದಕ್ಕೆ ಎದುರಾಗಿ ಅದನ್ನು ಅಳಿಸುತ್ತದೆ. ಗಂಡು ಧ್ವನಿಯ ಬುಡವೇ ಅಲ್ಲಿರುವುದು. ನಾನು ಹಿಂದೆ ಅರ್ಧ ಅಡಿ ಜಾಗ ಬಿಟ್ಟು ನಿಲ್ಲಿಸಿದ್ದೇನೆ. ಪೆಟ್ಟಿಗೆಯ ಆಳ 22 ಸೆಂಟಿಮೀಟರ್ ಸೇರಿ ಆ ಹಳ್ಳ (ಸದ್ದು ಅಳಿಸಿಹೋಗುವ ಜಾಗ) 230 ಹರ್ಟ್ಸ್ ಆಸುಪಾಸಿಗೆ ಏರಿತು. ಅಷ್ಟು ಮೇಲಿನದನ್ನು ಹೀರಲು ದಪ್ಪ ಪ್ಯಾನೆಲ್ಲಿಗೆ ಸಾಧ್ಯ. ಗೋಡೆ ಹತ್ತಿರವಾದಾಗ ಬೇಸ್ ಊದಿಕೊಳ್ಳುತ್ತದೆ. ಅದಕ್ಕೇ ಹಿಂಭಾಗದಲ್ಲಿ ರೂಮ್ ಕಂಟ್ರೋಲ್ ಸ್ವಿಚ್ ಕೊಟ್ಟಿರುವುದು. 500 ಹರ್ಟ್ಸ್ ಕೆಳಗಿನದನ್ನು 2 ಅಥವಾ 4 ಡಿಬಿ ಇಳಿಸುತ್ತದೆ. ನನ್ನದು ಮೊದಲ ದಿನಗಳಿಂದಲೂ ಮೈನಸ್ 2ರಲ್ಲಿದೆ. ಮೇಲಿನ ಸ್ವರ ಹೊಂದಿಸುವ ಹೈ ಟ್ರಿಮ್ ಸ್ವಿಚ್ ಮುಟ್ಟಿಲ್ಲ.

ಪ್ಯಾನೆಲ್ ಎಂದರೆ ರಾಕ್‌ವೂಲ್, ಕಲ್ಲಿನಿಂದ ಮಾಡಿದ ನಾರು. ಬಡಗಿಯಿಂದ ನಾಲ್ಕಿಂಚು ಆಳದ ಚೌಕಟ್ಟು ಮಾಡಿಸಿ, ಒಳಗೆ ರಾಕ್‌ವೂಲ್ ತುಂಬಿ, ಮೇಲೆ ಗಾಳಿಯಾಡುವ ಹತ್ತಿ ಬಟ್ಟೆ ಬಿಗಿಸಿದೆವು. ಸ್ಪೀಕರಿನ ಹಿಂದೆ ಎರಡು, ಎಡಬಲದಲ್ಲಿ ಮೊದಲ ಪ್ರತಿಫಲನದ ಜಾಗಕ್ಕೆ (ಸ್ಪೀಕರಿನ ಸದ್ದು ಗೋಡೆಗೆ ಒಮ್ಮೆ ಬಡಿದು ನೇರ ಕಿವಿಗೆ ಬರುವ ಕಡೆ) ಒಂದೊಂದು, ತಲೆಯ ಮೇಲೆ ಒಂದು. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಬೇಕೇ ಬೇಕು, ಮೈ ಕಡಿಯುತ್ತದೆ. ಮೊಟ್ಟೆ ಟ್ರೇ ಅಂಟಿಸಲು ಹೋಗಬೇಡಿ, ಅದರಿಂದ ಏನೂ ಆಗದು. ಅಂಗಡಿಯಲ್ಲಿ ಸಿಗುವ ತೆಳು ಫೋಮ್ ಮೇಲಿನ ಸ್ವರಗಳನ್ನಷ್ಟೇ ತಿಂದು ಕೋಣೆಯನ್ನು ಮಂಕು ಮಾಡುತ್ತದೆ, ಕೆಳಗಿನ ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತದೆ. ದುಡ್ಡಿಲ್ಲದಿದ್ದರೆ ಹಳೆಯ ಹತ್ತಿ ಹಾಸಿಗೆಯನ್ನು ಸುತ್ತಿ ಮೂಲೆಯಲ್ಲಿ ನಿಲ್ಲಿಸಿ, ಅದು ನಿಜಕ್ಕೂ ಕೆಲಸ ಮಾಡುತ್ತದೆ. ಕೋಣೆಯಲ್ಲಿ ಕಬ್ಬಿಣದ ಬೀರು ಇದ್ದರೆ ಹೊರಗೆ ಹಾಕಿ. ಇಲ್ಲಿದ್ದ ಬೀರುವಿನ ಬಾಗಿಲು ಮಂದ್ರದ ಒಂದೆರಡು ಸ್ವರಕ್ಕೆ ಸರಿಯಾಗಿ ಝಿಲ್ಲೆನ್ನುತ್ತಿತ್ತು. ಬೀರು ಹಜಾರಕ್ಕೆ ಹೋದ ದಿನವೇ ಕೆಳಸ್ವರಗಳು ತಿಳಿಯಾದವು.

ಇದನ್ನೆಲ್ಲ ಕಿವಿಯಿಂದ ಮಾತ್ರ ನಂಬಬೇಕಿಲ್ಲ. ಆರ್‌ಇಡಬ್ಲ್ಯೂ ಎಂಬ, ಕೋಣೆಯ ಸದ್ದು ಅಳೆಯುವ ಉಚಿತ ಸಾಫ್ಟ್‌ವೇರ್ ಇದೆ. ಗೆಳೆಯರೊಬ್ಬರಿಂದ ಮಾಪನದ ಮೈಕ್ ಎರವಲು ತಂದು ಪ್ಯಾನೆಲ್ ಹಾಕುವ ಮೊದಲೂ ಆಮೇಲೂ ಅಳೆದೆ. 112 ಹರ್ಟ್ಸ್ ಸುತ್ತ ಇದ್ದ ಉಬ್ಬು ಎದ್ದು ಕಾಣುವಷ್ಟು ಇಳಿದಿತ್ತು. 56ರ ಹಳ್ಳ ಮಾತ್ರ ಹೋಗಿಲ್ಲ. ಅದು ಪೂರ್ತಿ ಹೋಗುವುದೂ ಇಲ್ಲ.

ಕರೆಂಟಿನ ವಿಷಯ. ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿದೊಡನೆ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್, ಮೌಸ್ ಆಡಿಸಿದರೆ ಕಿರ್‌ಕಿರ್, ಇದು ಬಹಳ ಜನರ ದೂರು. ಹೆಚ್ಚಿನ ಸಲ ಕೇಬಲ್ಲೇ ಕಾರಣ. ಎಚ್‌ಎಸ್5ರಲ್ಲಿ ಎಕ್ಸ್‌ಎಲ್‌ಆರ್ ಮತ್ತು ಟಿಆರ್‌ಎಸ್ ಎರಡೇ ಇನ್‌ಪುಟ್, ಆರ್‌ಸಿಎ ಇಲ್ಲ. ಇಂಟರ್‌ಫೇಸಿನಿಂದ ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಗದ್ದಲ ತಡೆಯುವ ಬಗೆಯದು) ಎಳೆಯಿರಿ. ಗುರುತು ಸುಲಭ: ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಟಿಆರ್‌ಎಸ್, ಒಂದೇ ಇದ್ದರೆ ಅದು ಗಿಟಾರ್ ಕೇಬಲ್. ಎಲ್ಲವನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ, ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಗುಂಯ್ ನಿಲ್ಲಲಿ ಎಂದು ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಬೇಡ, ಅದು ಜೀವಕ್ಕೆ ಅಪಾಯ. ಹಾಕುವಾಗ ಸ್ಪೀಕರ್ ಕೊನೆಗೆ, ಆರಿಸುವಾಗ ಸ್ಪೀಕರ್ ಮೊದಲಿಗೆ. ಪವರ್ ಸ್ವಿಚ್ ಹಿಂದಿರುವುದರಿಂದ ದಿನಾ ಕೈ ಹಾಕುವುದು ಕಿರಿಕಿರಿ, ನಾನು ಸ್ಪೀಕರುಗಳಿಗೆಂದೇ ಒಂದು ಸ್ವಿಚ್ ಬೋರ್ಡ್ ಹಾಕಿಸಿಕೊಂಡೆ.

ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸುವ ಯೋಚನೆ ಇದ್ದರೆ ಹಿಂದೆ ಬರೆದಿರುವ ವೋಲ್ಟೇಜ್ ಮೊದಲು ಓದಿಸಿ. 120 ವೋಲ್ಟಿನದು ನಮ್ಮ 230ಕ್ಕೆ ನೇರ ಹಾಕುವಂತಿಲ್ಲ. ಒಂದೊಂದೂ ಐದು ಕಿಲೋ ದಾಟುತ್ತದೆ, ಲಗೇಜಿನ ಲೆಕ್ಕವನ್ನೂ ನೋಡಿ.

ಇದೇ ದರ್ಜೆಯ ಬೇರೆ ಕಂಪನಿಯವು? ಜೆಬಿಎಲ್ 305ಪಿ ಮಾರ್ಕ್ 2 ಇನ್ನೂ ಕೆಳಕ್ಕೆ ಇಳಿಯುತ್ತದೆ, 10 ಡಿಬಿ ಲೆಕ್ಕದಲ್ಲಿ 43 ಹರ್ಟ್ಸ್. ತಲೆ ಸ್ವಲ್ಪ ಅತ್ತಿತ್ತ ಆದರೂ ಯಾವ ಸದ್ದು ಎಲ್ಲಿಂದ ಬರುತ್ತಿದೆ ಎಂಬ ಚಿತ್ರ ಕದಲುವುದಿಲ್ಲ. ಪಕ್ಕದಲ್ಲಿ ಗಾಯಕರನ್ನು ಕೂರಿಸಿಕೊಂಡು ಮಿಕ್ಸ್ ಮಾಡುವವರಿಗೆ ಅದು ಒಳ್ಳೆಯದು. ಆಡಮ್ ಟಿ5ವಿ ರಿಬ್ಬನ್ ಬಗೆಯ ಟ್ವೀಟರಿನದು, ತಂಬೂರಿಯ ಜವಾರಿ (ಝೇಂಕಾರ) ಅದರಲ್ಲಿ ಬಹಳ ಚೆಂದ. ಕಾಲಿ ಎಲ್‌ಪಿ-6ರ ಹಿಂದೆ ಗೋಡೆ, ಮೇಜಿಗೆ ತಕ್ಕಂತೆ ಹೊಂದಿಸುವ ಸ್ವಿಚ್‌ಗಳನ್ನು ಚಿತ್ರ ಸಮೇತ ಕೊಟ್ಟಿದ್ದಾರೆ, ಹೊಸಬರಿಗೆ ಅನುಕೂಲ. ಬಜೆಟ್ ತೀರಾ ಕಮ್ಮಿ ಇದ್ದರೆ ಪ್ರೆಸೋನಸ್ ಎರಿಸ್ 3.5 ನೋಡಿ. 80 ಹರ್ಟ್ಸ್ ಮೇಲಿನದಷ್ಟೇ ಅದರ ಲೆಕ್ಕ, ಹೆಡ್‌ಫೋನ್ ಜೊತೆಗಿದ್ದರೆ ಕಲಿಯಲು ಸಾಕು. ಧ್ವನಿ, ಸಾಹಿತ್ಯ ಮುಖ್ಯವಾದ ಕೆಲಸಕ್ಕೆ ಮಾತ್ರ ನನ್ನ ಮತ ಎಚ್‌ಎಸ್5ಕ್ಕೇ.

ಮೂರು ವರ್ಷದಲ್ಲಿ ರಿಪೇರಿಗೆ ಹೋಗಿಲ್ಲ. ಮುಂದೆ ಜಾಲರಿ ಇಲ್ಲದ್ದರಿಂದ ಬಿಳಿ ಕೋನ್ ಮೇಲೆ ಧೂಳು ಎದ್ದು ಕಾಣುತ್ತದೆ. ಮೆತ್ತನೆಯ ಬ್ರಷ್ಷಿನಲ್ಲಿ ಹಗುರಾಗಿ ಸವರಿ, ಒದ್ದೆ ಬಟ್ಟೆ ಬೇಡ. ಚಿಕ್ಕ ಮಕ್ಕಳಿರುವ ಮನೆಯಾದರೆ ಕೆಲಸ ಮುಗಿದ ಮೇಲೆ ಬಟ್ಟೆ ಹೊದಿಸಿಡಿ. ಸದ್ದು ಜಾಸ್ತಿ ಇಟ್ಟು ಗಂಟೆಗಟ್ಟಲೆ ಕೇಳಿದರೆ ಕಿವಿ ದಣಿಯುತ್ತದೆ. ಫೋನಿನ ಆ್ಯಪಿನಲ್ಲಿ 75 ಡಿಬಿ ಆಸುಪಾಸು ಇಟ್ಟುಕೊಂಡು, ಆ ಮಟ್ಟಕ್ಕೆ ಇಂಟರ್‌ಫೇಸಿನ ಗುಂಡಿ ಮೇಲೆ ಗುರುತು ಮಾಡಿ. ಸದ್ದು ಬದಲಾದಂತೆ ಬೇಸ್ ಬಗ್ಗೆ ಕಿವಿಯ ಅಂದಾಜೂ ಬದಲಾಗುತ್ತದೆ. ಆದ್ದರಿಂದ ದಿನವೂ ಒಂದೇ ಮಟ್ಟದಲ್ಲಿ ಕೇಳುವುದು ಮುಖ್ಯ.

ಕೊಳ್ಳುವಾಗ ಒಂದು ಎಚ್ಚರ: ಎಚ್‌ಎಸ್5 ಬಿಡಿಯಾಗಿಯೂ ಮಾರಾಟವಾಗುತ್ತದೆ, ಹಾಕಿರುವ ಬೆಲೆ ಒಂದಕ್ಕೋ ಜೋಡಿಗೋ ನೋಡಿ. ಎರಡರ ಸೀರಿಯಲ್ ನಂಬರೂ ಬಿಲ್ಲಿನಲ್ಲಿ ಬರೆಸಿ. ಸೆಕೆಂಡ್ ಹ್ಯಾಂಡ್ ಆದರೆ ಅಲ್ಲೇ ಹಚ್ಚಿ ಕೇಳದೆ ದುಡ್ಡು ಕೊಡಬೇಡಿ. ಫೋನಿನಲ್ಲಿ 40ರಿಂದ 300 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುವ ಟೋನ್ ಇಟ್ಟುಕೊಂಡು ಹೋಗಿ, ಎಲ್ಲಾದರೂ ಕರಕರ ಸದ್ದು ಬಂತೇ ಗಮನಿಸಿ. ಆಮೇಲೆ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಹುಸ್ಸೆನ್ನುವ ಸದ್ದು) ಅನ್ನು ಮೋನೋದಲ್ಲಿ (ಎರಡರಲ್ಲೂ ಒಂದೇ ಸದ್ದು) ಹಚ್ಚಿ, ಹಿಂದಿನ ಲೆವೆಲ್ ಗುಂಡಿ ಎರಡರಲ್ಲೂ ಒಂದೇ ಕಡೆ ಇರಲಿ, ಒಂದೊಂದನ್ನೇ ಕೇಳಿ. ಒಂದು ಮಂಕಾಗಿ ಕೇಳಿದರೆ ಟ್ವೀಟರ್ ಹೋಗಿರಬಹುದು, ಎಷ್ಟೇ ಅಗ್ಗವಾದರೂ ಆ ಜೋಡಿ ಬೇಡ.