ಅಪ್ಪನ ತಟ್ಟೆಗೆ ಮತ್ತೆ ಬಸ್ಸಾರು ಬಂತು: ಮೈಸೂರಿನ ಒಂದು ಹಿರಿಯರ ನಿವಾಸದ ಅಡುಗೆಮನೆ

ಅಪ್ಪ ಮದ್ದೂರು ಕಡೆಯವರು, 81 ವರ್ಷ. ಜೀವನಪೂರ್ತಿ ಮಧ್ಯಾಹ್ನಕ್ಕೆ ಮುದ್ದೆ, ಬಸ್ಸಾರು. ಸ್ಟ್ರೋಕ್ ಆದಮೇಲೆ ನುಂಗುವುದೇ ಕಷ್ಟವಾಯಿತು. ಮುದ್ದೆ ಅಗಿಯುವ ಊಟ ಅಲ್ಲವಲ್ಲ, ಹಾಗೇ ನುಂಗಬೇಕು. ಗಂಟಲು ಸೋತವರಿಗೆ ಅದು ಅಂಟಿಕೊಂಡರೆ ಜೀವಕ್ಕೇ ಅಪಾಯ. ಡಾಕ್ಟರ್ ಬೇಡವೇ ಬೇಡ ಅಂದರು.

ಮೊದಲು ಸೇರಿಸಿದ್ದ ನಿವಾಸದಲ್ಲಿ ಅನ್ನ, ಸಾರು, ಪಲ್ಯ ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ತಿರುಗಿಸಿ ಕೊಡುತ್ತಿದ್ದರು. ಸ್ಟೀಲ್ ಬಟ್ಟಲಲ್ಲಿ ಬೂದು ಬಣ್ಣದ ಮುದ್ದೆಯಂಥದ್ದು. ಅಪ್ಪ ಬಾಯಿ ಮುಚ್ಚಿ ಮುಖ ತಿರುಗಿಸುತ್ತಿದ್ದರು. ಮೂರು ತಿಂಗಳಲ್ಲಿ ಆರು ಕೆಜಿ ಇಳಿದರು. ನನಗೆ ಅಳು ಬರುತ್ತಿತ್ತು.

ಈಗಿನ ಜಾಗಕ್ಕೆ ಬಂದು 14 ತಿಂಗಳಾಯಿತು. ರೂಮು, ಹೂದೋಟ, ಲಿಫ್ಟು ಎಲ್ಲಾ ಚೆನ್ನಾಗಿದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಡುಗೆಯ ಬಗ್ಗೆ ಹೇಳಬೇಕು. ಇಲ್ಲಿನ ಮುಖ್ಯ ಅಡುಗೆಯವರು 19 ವರ್ಷ ಹೋಟೆಲ್‌ಗಳಲ್ಲಿ ದುಡಿದವರು. ಹೆಸರು ಹಾಕಬೇಡಿ ಅಂದಿದ್ದಾರೆ.

ಮೊದಲ ವಾರವೇ ಅವರು ನನ್ನನ್ನು ಒಲೆಯ ಹತ್ತಿರ ಕರೆದರು. ನುಣ್ಣಗೆ ರುಬ್ಬಿದ ಕ್ಯಾರೆಟ್ ಪಲ್ಯ ಒಂದು ಚಮಚ ತೆಗೆದುಕೊಂಡು ಓರೆ ಮಾಡಿದರು. ಅದು ಆಕಾರ ಕೆಡದೆ ಒಂದೇ ಸಲ ಜಾರಿ ಬಿತ್ತು, ಚಮಚಕ್ಕೆ ಅಂಟಲಿಲ್ಲ. "ಹೀಗಿದ್ದರೆ ನಿಮ್ಮ ತಂದೆಗೆ ಸರಿ" ಅಂದರು. ನುಂಗಲು ತೊಂದರೆ ಇರುವವರ ಊಟ, ಪಾನೀಯ ಎಷ್ಟು ಗಟ್ಟಿ ಇರಬೇಕು ಅನ್ನುವುದಕ್ಕೆ ಐಡಿಡಿಎಸ್‌ಐ ಅಂತ ಅಂತರರಾಷ್ಟ್ರೀಯ ಅಳತೆ ಇದೆ, 0ಯಿಂದ 7ರವರೆಗೆ. ಅಪ್ಪನದು 4, ಅಂದರೆ ಪೂರ್ತಿ ನುಣ್ಣಗೆ ರುಬ್ಬಿದ್ದು. ಪಕ್ಕದ ಟೇಬಲ್ಲಿನ ಅಜ್ಜಿಯದು 5, ಅಂದರೆ ತುಣುಕು 4 ಮಿಲಿಮೀಟರ್ ಮೀರಬಾರದು. ಅದಕ್ಕೆ ಸ್ಕೇಲ್ ಬೇಡ, ಫೋರ್ಕಿನ ಹಲ್ಲುಗಳ ಸಂದಿಯೇ ಅಳತೆ.

ಅವರು ಒಂದೊಂದನ್ನೂ ಬೇರೆ ಬೇರೆ ರುಬ್ಬುತ್ತಾರೆ. ತಟ್ಟೆಯಲ್ಲಿ ಬೀಟ್‌ರೂಟು ಕೆಂಪಗೆ, ಸೊಪ್ಪು ಹಸಿರಾಗೇ ಕಾಣುತ್ತದೆ. ಒಗ್ಗರಣೆ ನೋಡಬೇಕು ನೀವು. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಎಲ್ಲಾ ಎಣ್ಣೆಯಲ್ಲಿ ಚಟಪಟ ಅಂದಮೇಲೆ ಸೋಸಿ, ಬರೀ ಎಣ್ಣೆಯನ್ನು ಸಾರಿಗೆ ಬಿಡುತ್ತಾರೆ. ಗಂಟಲಿಗೆ ಸಿಕ್ಕಿಕೊಳ್ಳಲು ಏನೂ ಇರುವುದಿಲ್ಲ, ಘಮ ಮಾತ್ರ ಪೂರ್ತಿ ಇರುತ್ತದೆ. ವಯಸ್ಸಾದಂತೆ ವಾಸನೆ, ರುಚಿ ಎರಡೂ ಮಂಕಾಗುತ್ತವೆ. ಉಪ್ಪು ಜಾಸ್ತಿ ಹಾಕುವ ಹಾಗೂ ಇಲ್ಲ. ಅದಕ್ಕೇ ನಿಂಬೆ, ಹುಣಸೆ, ಜೀರಿಗೆಯಲ್ಲಿ ರುಚಿ ಹಿಡಿಯುತ್ತಾರೆ.

ಮುದ್ದೆಗೂ ದಾರಿ ಹುಡುಕಿದರು. ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ತುಂಬಾ ಹೊತ್ತು ಬೇಯಿಸಿ, ತುಪ್ಪ ಹಾಕಿ, ಸೋಸಿದ ಬಸ್ಸಾರಲ್ಲಿ ಅಂಟು ಹೋಗುವವರೆಗೆ ಸಡಿಲ ಮಾಡಿದರು. ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಪಕ್ಕದಲ್ಲೇ ಕೂತು ನೋಡಿ ಒಪ್ಪಿದಮೇಲೆ ಅಪ್ಪನಿಗೆ ಕೊಟ್ಟರು. ಮೊದಲ ಚಮಚ ನುಂಗಿ ಅಪ್ಪ ಎಡಗೈ ಎತ್ತಿ "ಇನ್ನೊಂದು" ಅಂತ ಸನ್ನೆ ಮಾಡಿದರು. ಈಗ ನಾಲ್ಕು ಕೆಜಿ ವಾಪಸ್ ಬಂದಿದೆ.

ಅಡುಗೆಮನೆ ಗೋಡೆಯಲ್ಲಿ ಒಬ್ಬೊಬ್ಬರದೂ ಚೀಟಿ ಇದೆ. ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಶಿಯಂ ಏರಬಾರದು ಅಂತ ಎಳನೀರು ಕೊಡುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸೊಪ್ಪು ನಿಲ್ಲಿಸುವುದಿಲ್ಲ, ಆದರೆ ಒಂದು ದಿನ ರಾಶಿ, ಒಂದು ದಿನ ಇಲ್ಲ ಅನ್ನುವ ಹಾಗೂ ಮಾಡುವುದಿಲ್ಲ, ಸೊಪ್ಪು ಏರುಪೇರಾದರೆ ಮಾತ್ರೆಯ ಕೆಲಸವೂ ಏರುಪೇರಾಗುತ್ತದೆ. ಊಟ ಮುಗಿದಮೇಲೆ ಅವರೇ ತಟ್ಟೆಗಳನ್ನು ನೋಡುತ್ತಾರೆ, ಯಾರು ಏನು ಬಿಟ್ಟರು ಅಂತ.

ಕೊರತೆ ಇಲ್ಲ ಅಂತಲ್ಲ. ಭಾನುವಾರ ಅವರ ರಜೆ. ಅವತ್ತು ಸಾಂಬಾರು ಸಪ್ಪೆ, ಹೋದ ತಿಂಗಳು ಒಂದು ಸಲ ಪಲ್ಯದಲ್ಲಿ ನಾರು ಉಳಿದಿತ್ತು. ನಾನೇ ನೋಡಿ ವಾಪಸ್ ಕಳಿಸಿದೆ. ಆರೂಮುಕ್ಕಾಲಿಗೇ ರಾತ್ರಿ ಊಟ ಬಡಿಸುವುದು ನನಗೆ ಇಷ್ಟವಿಲ್ಲ, ಹತ್ತು ಗಂಟೆಗೆ ಅಪ್ಪನಿಗೆ ಹಸಿವಾಗುತ್ತದೆ. ಊಟಕ್ಕೆ ತಿಂಗಳಿಗೆ 9,500 ರೂಪಾಯಿ ಬೇರೆ. ಕಡಿಮೆ ಏನಲ್ಲ, ಆದರೆ ನಾನು ಕೊಡುವ ದುಡ್ಡಿನಲ್ಲಿ ಕೊರಗದೆ ಕೊಡುವುದು ಇದೊಂದನ್ನೇ.

ಸೇರಿಸುವ ಮೊದಲು ಹೋಗಿ ನೋಡುವವರು ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ. ಮೆನು ಕಾರ್ಡ್ ಕೇಳಬೇಡಿ, ರುಬ್ಬಿದ ಊಟದ ತಟ್ಟೆ ತೋರಿಸಿ ಅನ್ನಿ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಮಕ್ಕಳೆಲ್ಲಾ ಸ್ಟಾರ್ ಹೋಟೆಲ್, ಕ್ರೂಸ್ ಹಡಗು ಅನ್ನುತ್ತಾರೆ. ನನ್ನ ಅಣ್ಣನ ಮಗನೂ ಹಾಗೇ ಅಂತಿದ್ದ. ಅವನನ್ನು ಒಂದು ದಿನ ಈ ಅಡುಗೆಯವರ ಜೊತೆ ಬಿಟ್ಟೆ. ಸಂಬಳ ಹೋಟೆಲ್‌ಗಿಂತ ಸ್ವಲ್ಪ ಕಡಿಮೆ, ಟಿಪ್ಸ್ ಇಲ್ಲ ಅಂತ ಅವರು ಮುಚ್ಚಿಡದೆ ಹೇಳಿದರು. ಬೆಳಿಗ್ಗೆ ಐದೂವರೆಗೆ ಶುರು, ಎರಡೂವರೆಗೆ ಮನೆ. ಹೋಟೆಲಲ್ಲಿದ್ದಾಗ ಮಗಳು ಎದ್ದಿರುವುದನ್ನು ನೋಡಿದ್ದೇ ಕಡಿಮೆ ಅಂದರು. ಭಾನುವಾರದ ಅಡುಗೆಗೆ ಒಬ್ಬರು ಬೇಕಂತೆ. ಆಹಾರ ಸುರಕ್ಷತೆಯ ಫಾಸ್ಟ್ಯಾಕ್ ತರಬೇತಿ ಆಗಿದ್ದರೆ ಒಳ್ಳೆಯದು, ಉಳಿದದ್ದನ್ನು ತಾವೇ ಕಲಿಸುತ್ತಾರಂತೆ. ಹುಡುಗ ಮುಂದಿನ ವಾರ ಇನ್ನೊಂದು ಸಲ ಹೋಗುತ್ತೇನೆ ಅಂದಿದ್ದಾನೆ.